ವರ್ಷವಿಡೀ ಆಷಾಢ ಇರುವ ಊರಲ್ಲಿ ಎಚ್‌ಪಿ5 ಪ್ಲಸ್: ಐದು ವರ್ಷದ ಬಳಕೆಯ ನಂತರ

ಕೆನಡಾದ ಸಸ್ಕಾಚವಾನ್‌ನಲ್ಲಿದ್ದೇನೆ. ಐದು ವರ್ಷದಿಂದ ಇಲ್ಫೋರ್ಡ್ ಕಂಪನಿಯ ಕಪ್ಪು-ಬಿಳುಪು ಫಿಲ್ಮ್ ಎಚ್‌ಪಿ5 ಪ್ಲಸ್ (400 ಐಎಸ್‌ಒ, ಅಂದರೆ ಬೆಳಕನ್ನು ಬೇಗ ಹಿಡಿಯುವಂಥದ್ದು) ಬಳಸುತ್ತಿದ್ದೇನೆ, 120 ಎಂಬ ಅಗಲ ಫಿಲ್ಮಿನ ರೋಲ್, ಮಮಿಯಾ ಆರ್‌ಬಿ67 ಕ್ಯಾಮೆರಾದಲ್ಲಿ. ಒಂದು ರೋಲ್‌ಗೆ ಹತ್ತೇ ಫೋಟೊ. ಹೆಚ್ಚಿನವು ವಾಲ್ ಮರಿ ಪಕ್ಕದ ಗ್ರಾಸ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕ್‌ನಲ್ಲಿ ತೆಗೆದವು.

ನಾನು ಗದಗದ ಕಡೆಯವನು. ಕಪ್ಪತಗುಡ್ಡದ ಗಾಳಿ ಕಂಡವನಿಗೆ ಇದೇನು ಮಹಾ ಅಂದುಕೊಂಡೇ ಬಂದಿದ್ದೆ. ಆದರೆ ಇಲ್ಲಿ ತಡೆಯುವುದಕ್ಕೆ ಒಂದು ಮರವೂ ಇಲ್ಲ, ಗಂಟೆಗೆ 40 ಕಿ.ಮೀ. ಗಾಳಿ ಇದ್ದರೂ ಯಾರೂ ಅದರ ಬಗ್ಗೆ ಮಾತೇ ಆಡುವುದಿಲ್ಲ. ಇರುವುದು ಹುಲ್ಲು ಮತ್ತು ಆಕಾಶ. ಆ ಹುಲ್ಲು ಒಂದು ಗಳಿಗೆ ಸುಮ್ನೆ ನಿಲ್ಲುವುದಿಲ್ಲ.

ಮೊದಲ ವರ್ಷ ಎಲ್ಲರ ಹಾಗೆ ನಾನೂ ಗ್ರೇನ್ (ಫೋಟೊದಲ್ಲಿ ಕಾಣುವ ಕಾಳು) ಕಮ್ಮಿ ಅಂತ ನಿಧಾನದ 100 ಐಎಸ್‌ಒ ಫಿಲ್ಮ್ ಹಾಕಿದೆ. ಲೆಕ್ಕ ನೋಡಿ. ಕಾಲ ಬುಡದ ಹುಲ್ಲಿನಿಂದ ದೂರದ ಗುಡ್ಡದವರೆಗೂ ಶಾರ್ಪ್ ಬರಬೇಕು ಅಂದರೆ ಎಫ್/16 (ಲೆನ್ಸಿನ ಕಿರಿದಾದ ತೆರಪು) ಬೇಕು, ಒಳ್ಳೆ ಬಿಸಿಲಿದ್ದರೆ ಅದಕ್ಕೆ 1/125 ಸೆಕೆಂಡಿನ ಶಟರ್ ವೇಗ ಸಿಗುತ್ತದೆ, ಮೋಡ ಎದ್ದು ಕಾಣಲಿ ಅಂತ ಕೆಂಪು ಫಿಲ್ಟರ್ ಹಾಕಿದರೆ ಮೂರು ಸ್ಟಾಪ್ ಬೆಳಕು (ಒಂದು ಸ್ಟಾಪ್ ಹೋದರೆ ಬೆಳಕು ಅರ್ಧ) ಹೋಗಿ 1/15ಕ್ಕೆ ಇಳಿಯಿತು. ಹುಲ್ಲೆಲ್ಲ ಕಲಸಿದ ಮುದ್ದೆ. ಎಚ್‌ಪಿ5 ಆದರೆ ಅದೇ ಫಿಲ್ಟರ್‌ನಲ್ಲಿ 1/60, ಹಳದಿ ಫಿಲ್ಟರ್‌ನಲ್ಲಿ 1/250ರ ಹತ್ತಿರ. ಇಲ್ಲಿ ಗ್ರೇನ್‌ಗಿಂತ ಆ ಎರಡು ಸ್ಟಾಪ್ ಮುಖ್ಯ. ಗಾಳಿ ಇಲ್ಲದ ಕೆರೆ ದಂಡೆ ತೆಗೆಯುವವರಾದರೆ ನಿಧಾನದ ಫಿಲ್ಮೇ ಸರಿ, ಇದು ಬೇಡ.

ಈಗ ಕೆಂಪು ಫಿಲ್ಟರ್ ಮುಟ್ಟುವುದೇ ಅಪರೂಪ. ಜೂನ್‌ನ ಹಸಿರು ಹುಲ್ಲನ್ನು ಅದು ಕಪ್ಪು ಮಾಡಿಬಿಡುತ್ತದೆ. ಆಗಸ್ಟ್‌ನಲ್ಲಿ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿದಾಗ ಕಿತ್ತಳೆ ಫಿಲ್ಟರ್ ಹಾಕಿ ನೋಡಿ, ಹುಲ್ಲು ಬೆಳ್ಳಗೆ ಹೊಳೆಯುತ್ತದೆ, ಹಿಂದೆ ಆಕಾಶ ಕಪ್ಪಗೆ.

ಟ್ರೈಪಾಡ್ ಕಥೆ ಬೇರೆ. ಹಗುರ ಅಂತ ಕೊಂಡ ಒಂದು ಟ್ರೈಪಾಡ್ ಕ್ಯಾಮೆರಾ ಸಮೇತ ಉರುಳಿ ಫಿಲ್ಟರ್ ಒಡೆಯಿತು, ಪುಣ್ಯಕ್ಕೆ ಲೆನ್ಸ್ ಉಳಿಯಿತು. ಕೆಳಗೆ ಬ್ಯಾಗ್ ನೇತುಹಾಕಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ನೇತಾಡುವ ಬ್ಯಾಗೇ ಗಾಳಿಗೆ ತೂಗಿ ಇನ್ನೂ ಜಾಸ್ತಿ ಅಲ್ಲಾಡಿಸುತ್ತದೆ. ಬ್ಯಾಗ್ ನೆಲಕ್ಕೆ ತಾಗುವಷ್ಟು ಇಳಿಸಿ. ಕಾಲುಗಳನ್ನು ಪೂರ್ತಿ ಎಳೆಯಬೇಡಿ, ನೀವೇ ಮಂಡಿಯೂರಿ. ಒಳಗಿನ ಕನ್ನಡಿ ಏಳುವಾಗಿನ ಅದುರು ತಾಗದಂತೆ ಮಿರರ್ ಲಾಕ್ ಮಾಡಿ, ಗಾಳಿಯ ಎರಡು ಬೀಸಿನ ನಡುವೆ ಕ್ಲಿಕ್ ಮಾಡಿ.

ರೋಲ್ ಬದಲಿಸುವುದು ಯಾವಾಗಲೂ ಕಾರಿನೊಳಗೆ, ಗಾಜು ಏರಿಸಿಕೊಂಡು. ಫೋಟೊದಲ್ಲಿ ಮುಕ್ಕಾಲು ಭಾಗ ಆಕಾಶವೇ ಇರುವಾಗ ಒಂದು ಧೂಳಿನ ಕಣವೂ ಅಡಗುವುದಿಲ್ಲ ಅಲ್ವಾ? ಡೆವಲಪಿಂಗ್‌ನ ಏರುಪೇರೂ ಅಷ್ಟೇ, ಬೋಳು ಆಕಾಶದಲ್ಲಿ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಐಡಿ-11 ಡೆವಲಪರ್‌ಗೆ ಸಮ ನೀರು ಬೆರೆಸಿ 20 ಡಿಗ್ರಿಯಲ್ಲಿ 13 ನಿಮಿಷ, ನಿಮಿಷಕ್ಕೊಮ್ಮೆ ಹತ್ತು ಸೆಕೆಂಡು ಟ್ಯಾಂಕನ್ನು ಮೆಲ್ಲಗೆ ತಲೆಕೆಳಗು ಮಾಡುತ್ತೇನೆ. ಮೋಡ ಕವಿದ ದಿನದ ರೋಲ್ ಆದರೆ ಎರಡು ನಿಮಿಷ ಜಾಸ್ತಿ, ಇಲ್ಲದಿದ್ದರೆ ನನ್ನ ಕಣ್ಣಿಗೆ ಸಪ್ಪೆ.

ಚಳಿಗಾಲದಲ್ಲಿ ಮೈನಸ್ 25ರಲ್ಲೂ ಈ ಕ್ಯಾಮೆರಾ ನಡೆಯುತ್ತದೆ, ಬ್ಯಾಟರಿಯೇ ಇಲ್ಲವಲ್ಲ. ಲೈಟ್ ಮೀಟರ್ ಮಾತ್ರ ಒಳಜೇಬಿನಲ್ಲಿ ಬೆಚ್ಚಗಿರಬೇಕು. ಆ ಒಣ ಚಳಿಯಲ್ಲಿ ಫಿಲ್ಮನ್ನು ಆತುರದಲ್ಲಿ ಸುತ್ತಿದರೆ ಸ್ಟ್ಯಾಟಿಕ್ ಕಿಡಿ ಹಾರಿ ನೆಗೆಟಿವ್ ಮೇಲೆ ಸಣ್ಣ ಮಿಂಚಿನ ಗೆರೆ ಬೀಳಬಹುದು. ಬೆರಳು ಮರಗಟ್ಟಿದ್ದರೂ ನಿಧಾನಕ್ಕೇ ಸುತ್ತಿ.