ಸೆಮಿನಾರ್‌ಗೆ ಚೀನಾದ ಯಾವ ಪ್ರಾಂತ್ಯ ತಗೊಳ್ಳೋದು, ಶಾನ್ಶಿನಾ, ಯುನ್ನಾನಾ?

ಸಂಪನ್ಮೂಲನೇ ಮುಖ್ಯ ಅಂದ್ರೆ ಶಾನ್ಶಿ ತಗೊಳ್ಳಿ, ಕಲ್ಲಿದ್ದಲು ಒಂದನ್ನ ಹಿಡ್ಕೊಂಡ್ರೆ ಗಣಿ, ಕರೆಂಟು, ಹೊಗೆ ಎಲ್ಲಾ ತಾನಾಗೇ ಬರುತ್ತೆ. ಯುನ್ನಾನ್‌ದು ಹಾಗಲ್ಲ, ಗೆಜಿಯು ಊರಿನ ತವರ (ಟಿನ್), ಪುಅರ್ ಟೀ, ಜಲವಿದ್ಯುತ್ತು ಅಂತ ಚದುರಿಕೊಂಡಿದೆ.

ಮ್ಯಾಪ್ ಬಿಡಿಸೋಕೆ ಮಾತ್ರ ಯುನ್ನಾನೇ ಮಜಾ. ಜಿನ್ಶಾ, ಮೆಕಾಂಗ್, ಸಾಲ್ವೀನ್ ಮೂರೂ ನದಿಗಳು ಅಕ್ಕಪಕ್ಕದ ಕಣಿವೆಗಳಲ್ಲಿ ದಕ್ಷಿಣಕ್ಕೆ ಹರೀತಾ ಬಂದು, ಜಿನ್ಶಾ ಗಕ್ಕಂತ ತಿರುಗಿ ಯಾಂಗ್ಟ್ಸಿಯಾಗಿ ಶಾಂಘೈ ಕಡೆ ಹೋಗುತ್ತೆ, ಸಾಲ್ವೀನ್ ಬರ್ಮಾಕ್ಕೆ ಇಳಿಯುತ್ತೆ. ಶಾನ್ಶಿಲಿ ಪೂರ್ವಕ್ಕೆ ತೈಹಾಂಗ್ ಬೆಟ್ಟ, ಪಶ್ಚಿಮಕ್ಕೆ ಹಳದಿ ನದಿ, ಅಷ್ಟೇ.

ಇತಿಹಾಸದಲ್ಲಿ ಬೌದ್ಧ ಶಿಲ್ಪ, ವ್ಯಾಪಾರ ಇಷ್ಟ ಇದ್ರೆ ಶಾನ್ಶಿ: 5ನೇ ಶತಮಾನದ ಯುಂಗಾಂಗ್ ಗುಹೆಗಳು, ಪಿಂಗ್ಯಾವ್ ಪಟ್ಟಣದಲ್ಲಿ 1823ರಲ್ಲೇ ಶುರುವಾದ ಹುಂಡಿ (ಹಣ ಕಳಿಸೋ ಚೀಟಿ) ವ್ಯವಹಾರ. ಗಡಿ, ಬುಡಕಟ್ಟು, 1253ರಲ್ಲಿ ಮಂಗೋಲರು ದಾಲಿ ರಾಜ್ಯ ನುಂಗಿದ್ದು ಬೇಕಂದ್ರೆ ಯುನ್ನಾನ್. ಆದ್ರೆ ಹತ್ತೇ ನಿಮಿಷ ಕೊಟ್ಟಿದ್ರೆ ಯುನ್ನಾನ್ ಮುಟ್ಟಬೇಡಿ, ಮುಗಿಯಲ್ಲ.