ಸಂಸತ್ತಿನ ವೆಬ್‌ಸೈಟ್ ಬಳಸಿ ನೋಡಿದೆ: ಕುಶಾಲನಗರದ ರೈಲು ಯಾರ ಕೈಯಲ್ಲಿದೆ?

ನಮ್ಮ ಕೊಡಗಿನಲ್ಲಿ ಇವತ್ತಿಗೂ ಒಂದು ಮಾರು ರೈಲು ಹಳಿ ಇಲ್ಲ. ಮೈಸೂರು–ಕುಶಾಲನಗರ ಮಾರ್ಗ, ಸುಮಾರು 87 ಕಿಲೋಮೀಟರ್, ಚುನಾವಣೆ ಬಂದಾಗ ಮಾತಿಗೆ ಬರುತ್ತದೆ, ಮುಗಿದ ಮೇಲೆ ಮರೆತು ಹೋಗುತ್ತದೆ. ಸುಂಟಿಕೊಪ್ಪದ ಚಿಕ್ಕಪ್ಪ ಮೊನ್ನೆ, "ಎಂಪಿ ಮನಸ್ಸು ಮಾಡಿದ್ರೆ ನಾಳೆನೇ ಕೆಲಸ ಶುರುವಾಗುತ್ತೆ ಕಣೋ" ಅಂದರು. ನಿಜವಾ ಅಂತ ನೋಡೋಣ ಎಂದು ಸಂಸತ್ತಿನ ಡಿಜಿಟಲ್ ಸಂಸದ್ ವೆಬ್‌ಸೈಟ್ ತೆರೆದೆ. ಎರಡು ವಾರದಿಂದ ರಾತ್ರಿ ಊಟ ಆದ ಮೇಲೆ ಅದರಲ್ಲೇ ಕೂತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ 4 ಕೊಡುತ್ತೇನೆ. ದುಡ್ಡು ಬೇಡ, ಲಾಗಿನ್ ಬೇಡ. ಲೋಕಸಭೆಯ ಪ್ರಶ್ನೆಗಳ ಪುಟಕ್ಕೆ ಹೋಗಿ, ರೈಲ್ವೆ ಸಚಿವಾಲಯ ಆರಿಸಿ, ಸಂಸದರ ಹೆಸರು ಹಾಕಿ ಹುಡುಕಿದರೆ ಅವರು ಕೇಳಿದ ಪ್ರಶ್ನೆ, ಸಚಿವರ ಉತ್ತರ ಪಿಡಿಎಫ್ ಆಗಿ ಸಿಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆ ಯಾವುದು ಅಂತ ಗಮನಿಸಿ. ದಿನಕ್ಕೆ ಅಂಥವು 20 ಮಾತ್ರ. ಅವುಗಳಿಗೆ ಸದನದಲ್ಲೇ ಉತ್ತರ, ಆಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದವು ದಿನಕ್ಕೆ 230, ಉತ್ತರ ಕಾಗದದಲ್ಲಿ ಬರುತ್ತದೆ, ಅಷ್ಟೇ.

ನಾಲ್ಕಾರು ಉತ್ತರ ಓದಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಯಾವ ಊರಿನ ಹೊಸ ಮಾರ್ಗ ಕೇಳಿದರೂ ಹೆಚ್ಚು ಕಡಿಮೆ ಅದೇ ಮಾತು: ಯೋಜನೆಗಳು ರೈಲ್ವೆ ವಲಯದ ಲೆಕ್ಕದಲ್ಲಿ, ಜಿಲ್ಲೆಯ ಲೆಕ್ಕದಲ್ಲಿ ಅಲ್ಲ; ಆದಾಯ, ಎಷ್ಟು ಜನ ಎಷ್ಟು ಸರಕು ಓಡಾಡುತ್ತದೆ, ಹಳಿಗಳ ನಡುವೆ ಕೊಂಡಿ ತಪ್ಪಿದ ಜಾಗ, ರಾಜ್ಯ ಸರ್ಕಾರ ಮತ್ತು ಸಂಸದರ ಬೇಡಿಕೆ, ನಡೆಯುತ್ತಿರುವ ಕೆಲಸಗಳ ಹೊರೆ, ಹಣ ಎಷ್ಟಿದೆ, ಇವೆಲ್ಲ ನೋಡಿ ತೀರ್ಮಾನ ಮಾಡುತ್ತೇವೆ ಅಂತ. ಅಂದರೆ ಸಂಸದರ ಬೇಡಿಕೆ ಆ ಪಟ್ಟಿಯಲ್ಲಿ ಒಂದು ಸಾಲು. ಯಾವುದಕ್ಕೆ ಎಷ್ಟು ತೂಕ ಅಂತ ನಾನು ಓದಿದ ಉತ್ತರಗಳಲ್ಲಿ ಎಲ್ಲೂ ಇರಲಿಲ್ಲ.

ಹಾಗಾದರೆ ಸಂಸತ್ತಿನ ಕೈಯಲ್ಲಿ ಏನಿದೆ? ಹಣ ಒಪ್ಪುವ ಹಕ್ಕು ಇದೆ. 2017ರಿಂದ ರೈಲ್ವೆ ಬಜೆಟ್ ಸಾಮಾನ್ಯ ಬಜೆಟ್ ಜೊತೆ ಸೇರಿದೆ, ಆದರೆ ರೈಲ್ವೆಯ ಅನುದಾನ ಬೇಡಿಕೆಗೆ, ಅಂದರೆ ವರ್ಷದ ಖರ್ಚಿಗೆ ಸರ್ಕಾರ ಕೇಳುವ ಹಣಕ್ಕೆ, ಲೋಕಸಭೆ ಒಪ್ಪಿಗೆ ಕೊಡಲೇಬೇಕು. ಸಂವಿಧಾನದ 113ನೇ ವಿಧಿ ಪ್ರಕಾರ ಒಪ್ಪಬಹುದು, ತಿರಸ್ಕರಿಸಬಹುದು, ಕಡಿಮೆ ಮಾಡಬಹುದು. ಜಾಸ್ತಿ ಮಾಡುವ ಹಾಗಿಲ್ಲ. ಕುಶಾಲನಗರಕ್ಕೆ ಒಂದು ರೂಪಾಯಿ ಸೇರಿಸಿ ಅಂತ ಸದನ ಮತ ಹಾಕಿದರೂ ನಡೆಯುವುದಿಲ್ಲ! ರಾಜ್ಯಸಭೆಗೆ ಚರ್ಚೆ ಮಾತ್ರ, ಮತ ಇಲ್ಲ. ಎಷ್ಟೋ ಬೇಡಿಕೆಗಳಿಗೆ ಚರ್ಚೆಗೇ ಸಮಯ ಸಿಗದೆ ಕೊನೆಯ ದಿನ ಒಟ್ಟಿಗೆ ಮತಕ್ಕೆ ಹೋಗುತ್ತವೆ. ಇದನ್ನು ಓದಿದಾಗ ನನಗೆ ನಿಜವಾಗಿ ಬೇಸರ ಆಯಿತು.

ಸ್ವಿಟ್ಜರ್ಲೆಂಡ್‌ನಲ್ಲಿ ಹಾಗಲ್ಲ. 2035ರವರೆಗಿನ ರೈಲು ವಿಸ್ತರಣೆಯನ್ನು ಅಲ್ಲಿನ ಸಂಸತ್ತೇ 2019ರಲ್ಲಿ ತೀರ್ಮಾನಿಸಿತು, ಮೊತ್ತ ಸುಮಾರು 12.9 ಶತಕೋಟಿ ಫ್ರಾಂಕ್. ನಮ್ಮಲ್ಲೂ ಹಾಗೆ ಆಗಬೇಕು. ರೈಲು ಬೇಕು ಅನ್ನುವವರಿಗೂ, ಕಾಡು ಆನೆ ಉಳಿಯಲಿ, ರೈಲು ಬೇಡ ಅನ್ನುವವರಿಗೂ ಇದು ಬೇಕು. ಎರಡು ಮಾತೂ ಎಲ್ಲರ ಎದುರು ಸದನದಲ್ಲಿ ಬರಲಿ ಅಲ್ವಾ.

ವೆಬ್‌ಸೈಟಿನಲ್ಲಿ ಸ್ಥಾಯಿ ಸಮಿತಿಯ ವರದಿಗಳೂ ಇವೆ, ಬಿಡದೆ ಓದಿ. 21 ಲೋಕಸಭಾ ಸದಸ್ಯರು, 10 ರಾಜ್ಯಸಭಾ ಸದಸ್ಯರು ಕೂತು ರೈಲ್ವೆಯ ಬೇಡಿಕೆಯನ್ನು ಪರಿಶೀಲಿಸುವುದು ಅಲ್ಲೇ. ಒಂದು ಅಂಕ ಕಳೆದದ್ದು ಭಾಷೆಗೆ. ಉತ್ತರಗಳು ಇಂಗ್ಲಿಷ್, ಹಿಂದಿಯಲ್ಲಿ ಇರುತ್ತವೆ. ಚಿಕ್ಕಪ್ಪನಂಥವರಿಗೆ ಯಾರಾದರೂ ಓದಿ ಹೇಳಬೇಕು.

ನಿನ್ನೆ ಅವರ ಮನೆಗೆ ಹೋಗಿ ಓದಿ ಹೇಳಿದೆ. ಕಾಫಿ ಆರಿದರೂ ಲೋಟ ಮುಟ್ಟದೆ ಕೇಳಿದರು. ಈಗ ಇಬ್ಬರೂ ಸೇರಿ ನಮ್ಮ ಸಂಸದರಿಗೆ ಪತ್ರ ಬರೆಯುತ್ತಿದ್ದೇವೆ, ರೈಲು ಕೊಡಿಸಿ ಅಂತಲ್ಲ, ಯಾವ ಮಾರ್ಗ ಮೊದಲು ಅಂತ ಯಾವ ಅಳತೆಯಲ್ಲಿ ಆರಿಸುತ್ತೀರಿ ಎಂದು ಚುಕ್ಕೆ ಗುರುತಿನ ಪ್ರಶ್ನೆ ಕೇಳಿ ಅಂತ.