ಮಾಟುಂಗಾದ ತಿಂಡಿ ಅಂಗಡಿಗೆ ಗೂಗಲ್ ಅನಲಿಟಿಕ್ಸ್ 4: ಬಳಕೆದಾರರ ವಿಮರ್ಶೆ

ಮುಂಬೈಯ ಮಾಟುಂಗಾದಲ್ಲಿ ಚಕ್ಕುಲಿ, ಕೋಡುಬಳೆ, ಸಾರಿನ ಪುಡಿ ಮಾರುವ ಕನ್ನಡಿಗರೊಬ್ಬರ ಅಂಗಡಿಯ ವೆಬ್‌ಸೈಟನ್ನು ನಾನು ನೋಡಿಕೊಳ್ಳುತ್ತೇನೆ. ಅಲ್ಲಿ ಸೈಟಿಗೆ ಎಷ್ಟು ಮಂದಿ ಬಂದರು, ಏನು ಕೊಂಡರು ಎಂದು ಎಣಿಸುವ ಗೂಗಲ್ ಅನಲಿಟಿಕ್ಸ್ 4 ಮತ್ತು ಆ ಎಣಿಕೆಯ ಕೋಡಿನ ತುಣುಕುಗಳನ್ನು, ಅಂದರೆ ಟ್ಯಾಗ್‌ಗಳನ್ನು, ನಿರ್ವಹಿಸುವ ಟ್ಯಾಗ್ ಮ್ಯಾನೇಜರ್ ಬಳಕೆಯಲ್ಲಿವೆ. ಎರಡಕ್ಕೂ ಹಣ ಕೊಡಬೇಕಿಲ್ಲ. ಹಳೆಯ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ರಂದು ನಿಂತ ಮೇಲೆ ಅದರ ಸ್ಥಾನಕ್ಕೆ ಬಂದದ್ದು ಈ ಅನಲಿಟಿಕ್ಸ್ 4. ಸಾಧನ ಸಮರ್ಥವಾಗಿದೆ. ಆದರೆ ಕೋಡನ್ನು ಪುಟಕ್ಕೆ ಸೇರಿಸಿದ ಮಾತ್ರಕ್ಕೆ ಅದರ ಅಂಕಿಗಳನ್ನು ನಂಬಲಾಗದು. ಅಂಗಡಿಯ ಆರ್ಡರ್ ಪುಸ್ತಕದೊಂದಿಗೆ ತಾಳೆ ನೋಡಿದ ನಂತರವೇ ನಂಬಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ತಾಳೆ ತಪ್ಪುವುದು ಮುಖ್ಯವಾಗಿ ಹಣ ಪಾವತಿಯ ಹಂತದಲ್ಲಿ. ಗಿರಾಕಿ ಪೇಮೆಂಟ್ ಗೇಟ್‌ವೇ (ಹಣ ಸ್ವೀಕರಿಸಿಕೊಡುವ ಬೇರೆ ಸಂಸ್ಥೆಯ ಸೇವೆ) ಪುಟದಿಂದ ಯುಪಿಐ ಆ್ಯಪ್‌ಗೆ ಹೋಗಿ, ಹಣ ಸಂದಾಯವಾದ ಕೂಡಲೇ ಫೋನನ್ನು ಬದಿಗಿಟ್ಟರೆ, ನಮ್ಮ ಧನ್ಯವಾದದ ಪುಟ ತೆರೆದುಕೊಳ್ಳುವುದೇ ಇಲ್ಲ. ಖರೀದಿಯ ಟ್ಯಾಗ್ ಆ ಪುಟದಲ್ಲಿ ಮಾತ್ರ ಇದ್ದರೆ, ಹಣ ಖಾತೆಗೆ ಜಮೆಯಾಗಿದ್ದರೂ ಅನಲಿಟಿಕ್ಸ್‌ನಲ್ಲಿ ಮಾರಾಟ ಕಾಣುವುದಿಲ್ಲ. ಇದಕ್ಕೆ ಪಾವತಿ ದೃಢಪಟ್ಟ ಕ್ಷಣದಲ್ಲಿ ನಮ್ಮ ಸರ್ವರ್‌ನಿಂದಲೇ ಮೆಷರ್‌ಮೆಂಟ್ ಪ್ರೋಟೋಕಾಲ್ (ಬ್ರೌಸರಿನ ನೆರವಿಲ್ಲದೆ ಅನಲಿಟಿಕ್ಸ್‌ಗೆ ನೇರವಾಗಿ ಮಾಹಿತಿ ಕಳಿಸುವ ವಿಧಾನ) ಮೂಲಕ ಖರೀದಿಯ ಮಾಹಿತಿ ಕಳಿಸುವುದು ಒಳ್ಳೆಯ ದಾರಿ. ಆದರೆ ಗಿರಾಕಿಯ ಬ್ರೌಸರನ್ನು ಅನಲಿಟಿಕ್ಸ್ ಗುರುತಿಸುವ ಸಂಖ್ಯೆಯಾದ ಕ್ಲೈಂಟ್ ಐಡಿಯನ್ನು ಮೊದಲೇ ಆರ್ಡರಿನ ಜೊತೆ ಉಳಿಸಿಕೊಂಡಿರಬೇಕು, ಇಲ್ಲವಾದರೆ ಆ ಖರೀದಿ ಅವರ ಭೇಟಿಯೊಂದಿಗೆ ಕೂಡಿಕೊಳ್ಳುವುದಿಲ್ಲ. ಧನ್ಯವಾದದ ಪುಟವನ್ನು ಎರಡು ಸಲ ತೆರೆದು ಒಂದೇ ಆರ್ಡರ್ ಎರಡಾಗುವುದನ್ನು ತಪ್ಪಿಸಲು ಪ್ರತಿ ಖರೀದಿಗೂ ಆರ್ಡರ್ ಸಂಖ್ಯೆಯನ್ನೇ ಟ್ರಾನ್ಸಾಕ್ಷನ್ ಐಡಿಯಾಗಿ ಕೊಟ್ಟರೆ ಸಾಕು. ಗೇಟ್‌ವೇಯ ವಿಳಾಸವನ್ನು ಅನಲಿಟಿಕ್ಸಿನ ಬೇಡವಾದ ರೆಫರಲ್‌ಗಳ (ಗಿರಾಕಿಯನ್ನು ಕಳಿಸಿದ ಸೈಟುಗಳೆಂದು ಎಣಿಸಬಾರದವುಗಳ) ಪಟ್ಟಿಗೆ ಸೇರಿಸುವುದೂ ಅಷ್ಟೇ ಅಗತ್ಯ. ಸೇರಿಸದಿದ್ದರೆ ಗಿರಾಕಿಯನ್ನು ಕರೆತಂದ ಜಾಹೀರಾತಿಗೆ ಸಲ್ಲಬೇಕಾದ ಶ್ರೇಯ ಪಾವತಿಯ ಪುಟಕ್ಕೆ ಹೋಗುತ್ತದೆ.

ಅನಲಿಟಿಕ್ಸಿನ ಸಮಯ ವಲಯದ ಆಯ್ಕೆಯನ್ನು ಯಾರೂ ಉದಾಸೀನ ಮಾಡಬಾರದು. ಅದು ಅಮೆರಿಕದ ಪೆಸಿಫಿಕ್ ವೇಳೆಯಲ್ಲೇ ಉಳಿದರೆ ವರದಿಯಲ್ಲಿ ದಿನ ಬದಲಾಗುವುದು ನಮ್ಮ ಮಧ್ಯಾಹ್ನ ಹನ್ನೆರಡೂವರೆಗೆ ಅಥವಾ ಒಂದೂವರೆಗೆ. ಗಣೇಶ ಚೌತಿಯ ಮುನ್ನಾದಿನ ಬೆಳಿಗ್ಗೆ ಬಂದ ಆರ್ಡರುಗಳು ಅದರ ಹಿಂದಿನ ದಿನದ ಲೆಕ್ಕಕ್ಕೆ ಸೇರಿಬಿಡುತ್ತವೆ. ಆಮೇಲೆ ಸರಿಪಡಿಸಿದರೂ ಹಳೆಯ ದಿನಗಳ ಅಂಕಿ ಬದಲಾಗುವುದಿಲ್ಲ.

ಅಂಗಡಿಯವರೇ ದಿನವಿಡೀ ತೆರೆಯುವ ಪುಟಗಳನ್ನು ಲೆಕ್ಕದಿಂದ ಹೊರಗಿಡಲು ಆಂತರಿಕ ಟ್ರಾಫಿಕ್ ಫಿಲ್ಟರ್ ಇದೆ, ಆದರೆ ಅದು ಮೊದಲು ಪರೀಕ್ಷಾ ಸ್ಥಿತಿಯಲ್ಲಿರುತ್ತದೆ, ನಾವೇ ಸಕ್ರಿಯಗೊಳಿಸಬೇಕು. ಸಕ್ರಿಯಗೊಂಡ ಮೇಲೆ ಕೈಬಿಟ್ಟ ಮಾಹಿತಿ ಮರಳಿ ಸಿಗದಾದ್ದರಿಂದ ಅಂಗಡಿಯ ಇಂಟರ್ನೆಟ್ ಸಂಪರ್ಕದ ಐಪಿ ವಿಳಾಸವನ್ನು ಎಚ್ಚರಿಕೆಯಿಂದ ನಮೂದಿಸಬೇಕು. ಎಕ್ಸ್‌ಪ್ಲೊರೇಷನ್ ವರದಿಗಳಿಗೆ (ನಾವೇ ರೂಪಿಸಿಕೊಳ್ಳುವ ವಿವರ ವರದಿಗಳಿಗೆ) ಬೇಕಾದ ಮಾಹಿತಿಯನ್ನು ಎರಡೇ ತಿಂಗಳು ಇಟ್ಟುಕೊಳ್ಳುವ ಮೂಲ ವ್ಯವಸ್ಥೆಯನ್ನು ಮೊದಲ ದಿನವೇ 14 ತಿಂಗಳಿಗೆ ಏರಿಸಿಕೊಳ್ಳುವುದು ಒಳಿತು, ಇಲ್ಲದಿದ್ದರೆ ಈ ಹಬ್ಬವನ್ನು ಕಳೆದ ವರ್ಷದ ಹಬ್ಬದೊಂದಿಗೆ ಅಲ್ಲಿ ಹೋಲಿಸಲಾಗದು.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಟ್ಯಾಗ್‌ಗಳ ಕೆಲಸವನ್ನು ಪರೀಕ್ಷಿಸಿ ನೋಡುವ ಎರಡು ಸೌಲಭ್ಯಗಳು: ಟ್ಯಾಗ್ ಮ್ಯಾನೇಜರಿನ ಪ್ರಿವ್ಯೂ ಮತ್ತು ಅನಲಿಟಿಕ್ಸಿನ ಡೀಬಗ್‌ವ್ಯೂ. ಒಂದು ಡಬ್ಬ ಚಕ್ಕುಲಿಯನ್ನು ಕಾರ್ಟಿಗೆ ಹಾಕಿದ ಕೂಡಲೇ ಯಾವ ಈವೆಂಟ್ (ಗಿರಾಕಿಯ ಕ್ರಿಯೆಯ ದಾಖಲೆ) ಹೋಯಿತು, ಯಾವ ಬೆಲೆಯೊಂದಿಗೆ ಹೋಯಿತು ಎಂಬುದು ಕಣ್ಣೆದುರೇ ಕಾಣುತ್ತದೆ. ಸೈಟಿಗೆ ಜೋಡಿಸಿದ ಪ್ಲಗಿನ್ ಒಂದು ಕಡೆಯಿಂದ, ಟ್ಯಾಗ್ ಮ್ಯಾನೇಜರ್ ಇನ್ನೊಂದು ಕಡೆಯಿಂದ ಒಂದೇ ಪುಟವನ್ನು ಎರಡು ಸಲ ಎಣಿಸುತ್ತಿದ್ದರೆ ಅದೂ ಇಲ್ಲೇ ಸಿಕ್ಕಿಬೀಳುತ್ತದೆ.

ಎಷ್ಟೇ ಜಾಗ್ರತೆ ವಹಿಸಿದರೂ ಆರ್ಡರ್ ಪುಸ್ತಕಕ್ಕೆ ಪೂರ್ತಿ ಸಮನಾದ ಅಂಕಿ ಬರುವುದಿಲ್ಲ. ಜಾಹೀರಾತು ತಡೆಯುವ ಆ್ಯಪ್‌ಗಳು ಟ್ಯಾಗನ್ನೂ ತಡೆಯುತ್ತವೆ. ಸಫಾರಿಯಲ್ಲಿ ಪುಟದ ಜಾವಾಸ್ಕ್ರಿಪ್ಟ್ ಕೋಡು ಇಡುವ ಕುಕೀ (ಗಿರಾಕಿಯನ್ನು ಗುರುತಿಸಲು ಬ್ರೌಸರಿನಲ್ಲಿ ಉಳಿಯುವ ಸಣ್ಣ ಮಾಹಿತಿ) ಸಾಮಾನ್ಯವಾಗಿ ಏಳು ದಿನಕ್ಕೆ ಅಳಿಯುವುದರಿಂದ ಹಳೆಯ ಗಿರಾಕಿಯೂ ಹೊಸಬರಂತೆ ಕಾಣಬಹುದು. ನಿನ್ನೆಯ ವರದಿ ಸ್ಥಿರಗೊಳ್ಳಲು 24ರಿಂದ 48 ಗಂಟೆ ಹಿಡಿಯಬಹುದಾದ್ದರಿಂದ ತಾಳೆ ನೋಡುವಾಗ ಕೊನೆಯ ಎರಡು ದಿನಗಳನ್ನು ಬಿಟ್ಟುಬಿಡಬೇಕು.

ಮುಂಬೈ, ಪುಣೆಗಳಲ್ಲಿ ಇಂಥ ವ್ಯಾಪಾರ ನಡೆಸುವ ಕನ್ನಡಿಗರಿಗೆ ಈ ಸಾಧನವನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ವಾಟ್ಸಾಪ್ ಗುಂಪಿನಲ್ಲಿ ಹಂಚುವ ಲಿಂಕಿಗೆ ಯುಟಿಎಂ ಗುರುತು (ಗಿರಾಕಿ ಎಲ್ಲಿಂದ ಬಂದರೆಂದು ತಿಳಿಸಲು ಲಿಂಕಿನ ಕೊನೆಗೆ ಜೋಡಿಸುವ ಪದಗಳು) ಸೇರಿಸಲು ಮಾತ್ರ ಮರೆಯಬಾರದು, ಏಕೆಂದರೆ ಗುರುತಿಲ್ಲದ ಲಿಂಕಿನಿಂದ ಬಂದವರು ಹೆಚ್ಚಾಗಿ 'ಡೈರೆಕ್ಟ್', ಅಂದರೆ ಎಲ್ಲಿಂದ ಬಂದರೆಂದು ತಿಳಿಯದವರ ಸಾಲಿಗೆ ಸೇರಿಹೋಗುತ್ತಾರೆ. ಆ ಗುರುತನ್ನು ಸದಾ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಬರೆಯಬೇಕು, ದೊಡ್ಡಕ್ಷರ ಬೆರೆತರೆ ವರದಿಯಲ್ಲಿ ಒಂದೇ ಗುಂಪು ಎರಡು ಸಾಲಾಗಿ ಒಡೆಯುತ್ತದೆ.